ಥಾಯ್ ನಾಡಿನಲ್ಲಿ ನೆಲೆಸಿ ಕಂಡದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಥಾಯ್ಲೆಂಡಿಗೆ ನಾಲ್ಕಾರು ದಿನಗಳ ಪ್ರವಾಸ ಹೋಗಿ ಬಂದವರು ಈಗ ಕರ್ನಾಟಕದ ಸಣ್ಣ ಊರುಗಳಲ್ಲೂ ಸಿಗುತ್ತಾರೆ. ಅವರು ಬಣ್ಣಿಸುವ ಕಡಲತೀರಗಳು, ರಾತ್ರಿಯ ಮಾರುಕಟ್ಟೆಗಳು, ಹೊಂಬಣ್ಣದ ಬುದ್ಧವಿಗ್ರಹಗಳು ಎಲ್ಲವೂ ನಿಜ. ಆದರೆ ಉದ್ಯೋಗದ ನಿಮಿತ್ತ ಬ್ಯಾಂಕಾಕಿನಲ್ಲಿ ಮನೆ ಮಾಡಿ, ಅಲ್ಲಿಯ ಬೇಸಿಗೆ ಮಳೆಗಾಲಗಳನ್ನು ಕಂಡು, ನೆರೆಹೊರೆಯವರೊಡನೆ ಬದುಕುತ್ತಿರುವ ನನ್ನಂಥವರಿಗೆ ಆ ನಾಡು ಇನ್ನೊಂದು ಬಗೆಯಲ್ಲಿ ಪರಿಚಯವಾಗುತ್ತದೆ. ಭಾರತದಿಂದ ಹೋದವರಿಗೆ ಥಾಯ್ ಸಂಸ್ಕೃತಿ ಮೊದಲ ನೋಟಕ್ಕೆ ಬಹಳ ಆಪ್ತವಾಗಿ ಕಾಣುತ್ತದೆ. ಆ ಆಪ್ತತೆಯಲ್ಲೇ ನಿಂತುಬಿಟ್ಟರೆ 'ಇದೆಲ್ಲ ನಮ್ಮಿಂದಲೇ ಹೋದದ್ದು' ಎಂಬ ಭಾವನೆ ಬಲಿತು, ಥಾಯ್ ಜನ ಅದನ್ನು ತಮ್ಮದಾಗಿ ಮಾಡಿಕೊಂಡ ಬಗೆ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ. ಈ ಭಾಷಣದಲ್ಲಿ ನಾನು ಮುಖ್ಯವಾಗಿ ಹೇಳಬಯಸುವುದು ಇದನ್ನೇ.

ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ದೇವಾಸುರರು ಸಮುದ್ರ ಮಥಿಸುತ್ತಿರುವ ಬೃಹತ್ ಶಿಲ್ಪವಿದೆ. ಅಯೋಧ್ಯೆಯ ಹೆಸರು ಹೊತ್ತ ಅಯುತ್ಥಯ ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ರಾಜಧಾನಿಯಾಗಿ ಮೆರೆದು, 1767ರಲ್ಲಿ ಬರ್ಮಾದ ಸೇನೆಯಿಂದ ನಾಶವಾಯಿತು. 1782ರಿಂದ ಆಳುತ್ತಿರುವ ಚಕ್ರಿ ವಂಶದ ಅರಸರನ್ನು ಒಂದನೆಯ ರಾಮ, ಎರಡನೆಯ ರಾಮ ಎಂದೇ ಎಣಿಸುವುದು ರೂಢಿ. ಮೊದಲನೆಯ ರಾಮನ ಕಾಲದಲ್ಲಿ ರಚನೆಯಾದ ರಾಮಕಿಯೆನ್ ಎಂಬ ಥಾಯ್ ರಾಮಾಯಣವನ್ನು ಅರಮನೆಯ ಆವರಣದ ಪಚ್ಚೆ ಬುದ್ಧನ ದೇಗುಲದ ಸುತ್ತಲಿನ ಮೊಗಸಾಲೆಯಲ್ಲಿ 178 ಭಿತ್ತಿಚಿತ್ರಗಳಾಗಿ ಬರೆಯಲಾಗಿದೆ. ಅಲ್ಲಿಯ ಹನುಮಂತ ಬ್ರಹ್ಮಚಾರಿಯಲ್ಲ. ಸೇತುವೆಗೆ ತಂದು ಹಾಕಿದ ಬಂಡೆಗಳನ್ನು ಹೊತ್ತೊಯ್ಯುತ್ತಿದ್ದ ಮತ್ಸ್ಯಕನ್ಯೆಯನ್ನು, ರಾವಣನ ಮಗಳನ್ನು, ಒಲಿಸಿಕೊಂಡು ಅವಳಿಂದ ಮಗನನ್ನೂ ಪಡೆಯುವ ಧೀರ ಅವನು. ನಮ್ಮೂರ ಆಂಜನೇಯನ ಗುಡಿಯ ಭಕ್ತಿಯಲ್ಲಿ ಬೆಳೆದವರಿಗೆ ಇದನ್ನು ನೋಡಿ ಇರುಸುಮುರುಸಾಗುವುದು ಸಹಜ. ಆದರೆ ಯಕ್ಷಗಾನದ ಪ್ರಸಂಗಕರ್ತರು ಪುರಾಣವನ್ನು ತಮ್ಮ ರಂಗಕ್ಕೆ ತಕ್ಕಂತೆ ಬೆಳೆಸಿದ್ದನ್ನು ಬಲ್ಲ ಕನ್ನಡಿಗರು ಈ ಸ್ವಾತಂತ್ರ್ಯವನ್ನು ಬೇಗ ಅರ್ಥ ಮಾಡಿಕೊಳ್ಳಬಲ್ಲರು ಎಂದು ನನ್ನ ನಂಬಿಕೆ. ಈ ಕಥೆಯನ್ನೇ ಆಡುವ ಖೋನ್ ಎಂಬ ಮುಖವಾಡದ ನೃತ್ಯನಾಟಕ 2018ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ನಗರದ ನಡುವೆ, ರಾಚಪ್ರಸೋಂಗ್ ವೃತ್ತದ ಬಳಿ, 1956ರಲ್ಲಿ ಪ್ರತಿಷ್ಠಾಪಿಸಿದ ಚತುರ್ಮುಖ ಬ್ರಹ್ಮನ ಸಣ್ಣ ಮಂಟಪವಿದೆ. ನಮ್ಮಲ್ಲಿ ಬ್ರಹ್ಮನಿಗೆ ಗುಡಿಗಳೇ ಅಪರೂಪ. ಅಲ್ಲಿ ಕಚೇರಿಗೆ ಹೊರಟವರು ಸಹ ನಿಂತು, ನಾಲ್ಕು ಮುಖಗಳಿಗೂ ಚೆಂಡು ಹೂವಿನ ಮಾಲೆಯನ್ನೂ ಊದುಬತ್ತಿಯನ್ನೂ ಅರ್ಪಿಸಿ ಕೈಮುಗಿದು ಹೋಗುತ್ತಾರೆ. ಹರಕೆ ಫಲಿಸಿದವರು ಮರದ ಆನೆಗಳನ್ನು ತಂದಿಡುತ್ತಾರೆ, ಪಕ್ಕದಲ್ಲೇ ಇರುವ ನರ್ತಕಿಯರಿಗೆ ಹಣ ಕೊಟ್ಟು ದೇವರ ಮುಂದೆ ಕುಣಿತದ ಸೇವೆ ಮಾಡಿಸುತ್ತಾರೆ. ಇವರೆಲ್ಲ ಬಹುಪಾಲು ಬೌದ್ಧರೇ. ಬುದ್ಧನ ಧರ್ಮ, ಬ್ರಹ್ಮನಿಗೆ ಹರಕೆ, ಮನೆಯಂಗಳದ ಪುಟ್ಟ ಗೂಡಿನಲ್ಲಿ ನೆಲದ ದೈವಕ್ಕೆ ದಿನವೂ ಇಡುವ ನೀರು ಅನ್ನ, ಈ ಮೂರನ್ನೂ ಒಂದೇ ಬದುಕಿನಲ್ಲಿ ಅವರು ಯಾವ ತೊಡಕೂ ಇಲ್ಲದೆ ನಡೆಸಿಕೊಂಡು ಬಂದಿದ್ದಾರೆ.

ಇದನ್ನು ಹತ್ತಿರದಿಂದ ಕಾಣಬೇಕಾದರೆ ನಸುಕಿನಲ್ಲೇ ಏಳಬೇಕು. ನಮ್ಮ ಓಣಿಯ ತುದಿಯಲ್ಲಿ ಅಡುಗೆ ಮಾರುವ ಹೆಂಗಸೊಬ್ಬರು ಬಿಸಿ ಅನ್ನ, ಪಲ್ಯ, ಸಿಹಿಯನ್ನು ಬೇರೆ ಬೇರೆ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿ ಸಾಲಾಗಿ ಇಟ್ಟಿರುತ್ತಾರೆ. ಕಾಷಾಯ ಉಟ್ಟ ಭಿಕ್ಷುಗಳು ಬರಿಗಾಲಲ್ಲಿ ಬಂದಾಗ ಕೊಡುವವರು ಚಪ್ಪಲಿ ಬಿಟ್ಟು, ಪಾತ್ರೆಯಲ್ಲಿ ಆಹಾರವಿಟ್ಟು, ಮಂಡಿಯೂರಿ ಕೈಮುಗಿಯುತ್ತಾರೆ. ಭಿಕ್ಷುಗಳು ಪಾಲಿಯಲ್ಲಿ ಆಶೀರ್ವಚನ ಹೇಳುವಾಗ ಕೆಲವರು ಸಣ್ಣ ಗಿಂಡಿಯಿಂದ ಬಟ್ಟಲಿಗೆ ನೀರು ಧಾರೆ ಎರೆದು, ದಾನದ ಪುಣ್ಯ ಸತ್ತ ಹಿರಿಯರಿಗೆ ಸಲ್ಲಲೆಂದು ಬೇಡಿ, ಆ ನೀರನ್ನು ಮರದ ಬುಡಕ್ಕೆ ಸುರಿಯುತ್ತಾರೆ. ಪ್ರತಿಯಾಗಿ ಭಿಕ್ಷುಗಳು ಧನ್ಯವಾದ ಹೇಳುವುದಿಲ್ಲ, ಏಕೆಂದರೆ ಪುಣ್ಯ ಗಳಿಸುವ ಅವಕಾಶ ಪಡೆದವರು ಕೊಟ್ಟವರೇ. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದೆಂಬ ನಿಯಮವನ್ನು ಪರದೇಶದ ಮಹಿಳೆಯರೂ ಪಾಲಿಸಬೇಕು. ಈ ದೃಶ್ಯದ ಫೋಟೋ ತೆಗೆಯುವ ಆತುರದಲ್ಲಿ ಕೆಲವು ಪ್ರವಾಸಿಗರು ಭಿಕ್ಷುಗಳ ಮುಖದ ಹತ್ತಿರಕ್ಕೇ ಮೊಬೈಲ್ ಹಿಡಿಯುವುದನ್ನು ಕಂಡಾಗ ನನಗೆ ನಿಜವಾಗಿ ನೋವಾಗುತ್ತದೆ.

ಏಪ್ರಿಲ್ 13ರಿಂದ ಮೂರು ದಿನ ನಡೆಯುವ ಸೋಂಗ್‌ಕ್ರಾನ್ ಸೂರ್ಯನು ಮೇಷರಾಶಿಗೆ ಸೇರುವ ಹಬ್ಬ, ನಮ್ಮ ತುಳುನಾಡಿನ ಬಿಸುವಿನ ನೆಂಟ. ಹೊರಗಿನವರು ಕಾಣುವುದು ಬೀದಿಯಲ್ಲಿ ಪಿಚಕಾರಿ ಹಿಡಿದು ನೀರೆರಚುವ ಗುಂಪುಗಳನ್ನು. ಮನೆಯೊಳಗೆ ಕರೆಸಿಕೊಂಡವರು ಕಾಣುವುದೇ ಬೇರೆ: ಕಿರಿಯರು ಮಲ್ಲಿಗೆ ಎಸಳು ತೇಲುವ ಪರಿಮಳದ ನೀರನ್ನು ಹಿರಿಯರ ಅಂಗೈಗೆ ಮೆಲ್ಲನೆ ಎರೆಯುತ್ತಾರೆ, ಹಿರಿಯರು ಒದ್ದೆ ಕೈಯಿಂದಲೇ ಅವರ ತಲೆ ಸವರಿ ಹರಸುತ್ತಾರೆ. ತಲೆ ದೇಹದ ಅತಿ ಪವಿತ್ರ ಭಾಗವೆಂದು ಭಾವಿಸುವ ಆ ನಾಡಿನಲ್ಲಿ ಇನ್ನೊಬ್ಬರ ತಲೆ ಮುಟ್ಟುವ ಅಧಿಕಾರ ಇಂಥ ಹಿರಿಯರಿಗೆ ಮಾತ್ರ ಉಂಟು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರ ವಹಿಸಬೇಕು, ಏಕೆಂದರೆ ಮೀನಿನಿಂದ ತಯಾರಿಸಿದ ನಾಮ್ ಪ್ಲಾ ಎಂಬ ಉಪ್ಪುರಸ ತರಕಾರಿಯ ಪಲ್ಯಕ್ಕೂ ಬೀಳುತ್ತದೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ 'ಜೇ' ಎಂದು ಬರೆದ ಅಂಗಡಿಗಳಲ್ಲಿ ಮಾಂಸ ಮೀನುಗಳಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಚೀನೀ ಮೂಲದವರ ಒಂಬತ್ತು ದಿನಗಳ ವ್ರತದ ಹಬ್ಬದಲ್ಲಿ ಬ್ಯಾಂಕಾಕಿನ ಯಾವರಾತ್ ಬೀದಿಯ ತುಂಬ ಇವೇ ಬಾವುಟಗಳು.

ನೆಲೆಸಿದವರಿಗೆ ಕಾಗದಪತ್ರಗಳ ಶಿಸ್ತು ತಪ್ಪಿದ್ದಲ್ಲ. ದೀರ್ಘಾವಧಿ ವೀಸಾದ ಮೇಲೆ ಇರುವವರು ದೇಶದೊಳಗೆ ಸತತವಾಗಿ 90 ದಿನ ಕಳೆದಾಗಲೆಲ್ಲ ವಲಸೆ ಇಲಾಖೆಗೆ ತಮ್ಮ ವಿಳಾಸ ತಿಳಿಸಬೇಕು. ಮರುಪ್ರವೇಶದ ಅನುಮತಿ ಪಡೆಯದೆ ದೇಶ ಬಿಟ್ಟು ಹೊರಟರೆ ವಾಸದ ಪರವಾನಗಿಯೇ ರದ್ದಾಗುತ್ತದೆ. ಸರಕಾರಿ ಕಾಗದಗಳಲ್ಲಿ ಬುದ್ಧಶಕೆ ನಡೆಯುವುದರಿಂದ 2025ನೆಯ ಇಸವಿ ಅಲ್ಲಿ 2568. ಇನ್ನೊಂದು ಮಾತು: ಬೆಳಿಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ರಾಷ್ಟ್ರಗೀತೆ ಮೊಳಗುವಾಗ, ಲುಂಪಿನಿ ಉದ್ಯಾನದಲ್ಲಿ ಓಡುತ್ತಿದ್ದವರು ಸಹ ಇದ್ದಲ್ಲೇ ನಿಂತುಬಿಡುತ್ತಾರೆ; ನಾವೂ ನಿಲ್ಲಬೇಕು. ರಾಜಮನೆತನದ ಅವಹೇಳನಕ್ಕೆ ಕಠಿಣ ಜೈಲು ಶಿಕ್ಷೆಯಿದೆ, ವಿದೇಶೀಯರಿಗೆ ಅದರಲ್ಲಿ ವಿನಾಯಿತಿ ಇಲ್ಲ.

ಇನ್ನು ತಿರುಗಾಟ. ಕಡಲತೀರಗಳ ಮಾತು ನಿಮಗೆ ಬೇರೆಯವರಿಂದ ಸಿಗುತ್ತದೆ. ನಾನು ಮೂರನೆಯ ದರ್ಜೆಯ ರೈಲಿನ ಪರವಾಗಿ ಮಾತನಾಡುತ್ತೇನೆ. ಥೋನ್‌ಬುರಿ ನಿಲ್ದಾಣದಿಂದ ಕಾಂಚನಬುರಿಗೆ ಹೋಗುವ ಗಾಡಿಯ ಕಿಟಕಿಗಳು ತೆರೆದೇ ಇರುತ್ತವೆ, ನಿಲ್ದಾಣ ನಿಲ್ದಾಣದಲ್ಲೂ ಅನ್ನದ ಪೊಟ್ಟಣ, ಕತ್ತರಿಸಿದ ಹಣ್ಣು ಮಾರುವವರು ಹತ್ತಿ ಇಳಿಯುತ್ತಾರೆ. ಕ್ವೇ ನೋಯ್ ನದಿಯ ದಂಡೆಯ ಬಂಡೆಗೆ ಒತ್ತಿಕೊಂಡು ಮರದ ಕಂಬಗಳ ಮೇಲೆ ನಿಂತ ಸೇತುವೆಯನ್ನು ಅದು ತೆವಳುತ್ತ ದಾಟುವಾಗ ಪ್ರಯಾಣಿಕರೆಲ್ಲ ಕಿಟಕಿಗೆ ಬರುತ್ತಾರೆ. 1942-43ರಲ್ಲಿ ಬರ್ಮಾದವರೆಗೆ ಈ ಹಳಿ ಹಾಕಿಸಿದ ಜಪಾನಿ ಸೇನೆಯ ಕೈಕೆಳಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಅದಕ್ಕಿಂತ ಹಲವು ಪಟ್ಟು ಹೆಚ್ಚು ಸತ್ತವರು ಏಷ್ಯಾದ ಕೂಲಿಗಳು. ಮಲಯದ ರಬ್ಬರ್ ತೋಟಗಳಿಂದ ಕರೆತಂದ ತಮಿಳರು ಅವರಲ್ಲಿ ಬಹಳ ಮಂದಿ. ಕಾಂಚನಬುರಿಯ ಯುದ್ಧ ಸ್ಮಶಾನದಲ್ಲಿ ಕೈದಿಗಳಿಗೆ ಸುಮಾರು ಏಳು ಸಾವಿರ ಸಮಾಧಿಗಳಿವೆ; ಕೂಲಿಗಳಲ್ಲಿ ಹೆಚ್ಚಿನವರಿಗೆ ಹೆಸರು ಕೆತ್ತಿದ ಒಂದು ಕಲ್ಲೂ ಇಲ್ಲ. ಭಾರತದಿಂದ ಹೋಗುವವರು ಇದನ್ನು ತಿಳಿದುಕೊಂಡೇ ಆ ರೈಲು ಹತ್ತಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಈಶಾನ್ಯದ ಬುರಿರಾಮ್ ಪ್ರಾಂತಕ್ಕೂ ರೈಲಿದೆ. ಅಲ್ಲಿ ಆರಿಹೋದ ಜ್ವಾಲಾಮುಖಿಯ ನೆತ್ತಿಯ ಮೇಲೆ ಕಾಂಬೋಡಿಯದ ಖಮೇರ್ ಅರಸರ ಕಾಲದ ಫನೋಮ್ ರುಂಗ್ ಎಂಬ ಶಿವಾಲಯವಿದೆ. ವರ್ಷದ ಕೆಲವೇ ದಿನಗಳಲ್ಲಿ ಸೂರ್ಯಕಿರಣ ಅದರ ಹದಿನೈದು ಬಾಗಿಲುಗಳನ್ನೂ ನೇರವಾಗಿ ಹಾಯುತ್ತದೆ. ಬಾಗಿಲವಾಡದ ಮೇಲೆ ಶೇಷಶಾಯಿ ನಾರಾಯಣನ ಶಿಲ್ಪವೊಂದಿದೆ. ಕಳುವಾಗಿ ಅಮೆರಿಕದ ಷಿಕಾಗೋ ಕಲಾಸಂಗ್ರಹಾಲಯ ಸೇರಿದ್ದ ಅದು ಥಾಯ್ ಜನರ ಹೋರಾಟದ ಫಲವಾಗಿ 1988ರಲ್ಲಿ ಮರಳಿ ಬಂತು. ಬೌದ್ಧರ ನಾಡೊಂದು ವಿಷ್ಣುವಿನ ಶಿಲ್ಪಕ್ಕಾಗಿ ಬೀದಿಗಿಳಿಯಿತು ಎಂಬುದನ್ನು ಯೋಚಿಸಿದರೆ, ಅವರಿಗೆ ಅದು ಯಾರಿಂದಲೋ ಬಂದ ಪರಂಪರೆಯಲ್ಲ, ತಮ್ಮದೇ ಆಸ್ತಿ ಎಂಬುದು ತಿಳಿಯುತ್ತದೆ.

ಇಂಥ ಊರುಗಳಿಗೆ ನಿಲ್ದಾಣದಿಂದ ಒಯ್ಯುವ, ಎರಡು ಬೆಂಚುಗಳ ಸೋಂಗ್‌ಥೇವ್ ಗಾಡಿಗಳ ಮೇಲೆ ಊರ ಹೆಸರು ಸಾಮಾನ್ಯವಾಗಿ ಥಾಯ್ ಲಿಪಿಯಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಅಲ್ಲಿ ನೆಲೆಸಲು ಹೊರಟವರು ಮೊದಲ ವರ್ಷದಲ್ಲೇ ಲಿಪಿ ಕಲಿಯಿರಿ. ಅದರ 44 ವ್ಯಂಜನಗಳು ನಮ್ಮಂತೆಯೇ ಕವರ್ಗದಿಂದ ಪವರ್ಗದ ಕಡೆಗೆ ಸಾಗುವುದರಿಂದ ಕನ್ನಡಿಗರಿಗೆ ಅಕ್ಷರಮಾಲೆ ಬೇಗ ಒಲಿಯುತ್ತದೆ. ಪದದ ಅರ್ಥವನ್ನೇ ಬದಲಿಸುವ, ದನಿಯ ಏರಿಳಿತದ ಐದು ಸ್ವರಭೇದಗಳಿಗೆ ಮಾತ್ರ ನೆರೆಯವರ ಸಹಾಯ ಬೇಕು, ಅದನ್ನು ಕೇಳಿದಾಗ ಕೊಡದವರನ್ನು ನಾನು ಆ ನಾಡಿನಲ್ಲಿ ಕಂಡಿಲ್ಲ. ನಮಸ್ಕಾರ.