ಜಾರ್ಜ್ ಇನ್‌ನಲ್ಲಿ ಒಂದು ಪಿಂಟ್: ಪಬ್ಬಿನ ನೆಲಮಾಳಿಗೆಯಲ್ಲಿ ಹದವಾಗುವ ರಿಯಲ್ ಏಲ್

[ದೃಶ್ಯ: ಲಂಡನ್, ಬರೋ ಹೈ ಸ್ಟ್ರೀಟ್. ಬಸ್ಸುಗಳ ಓಡಾಟ. ಕ್ಯಾಮೆರಾ ಗೇಟು ದಾಟಿ ಅಂಗಳಕ್ಕೆ ತಿರುಗುತ್ತದೆ. ಪರದೆಯ ಕೆಳಗೆ ಬರಹ: ಮದ್ಯಪಾನ ಆರೋಗ್ಯಕ್ಕೆ ಹಾನಿಕರ.]

ನಮಸ್ಕಾರ. ಲಂಡನ್ ಬ್ರಿಡ್ಜ್ ಸ್ಟೇಷನ್‌ನಿಂದ ಹೊರಬಿದ್ದು ದಕ್ಷಿಣಕ್ಕೆ ಐದು ನಿಮಿಷ ನಡೆದರೆ ಎಡಗಡೆ ಒಂದು ಗೇಟು ಸಿಗುತ್ತೆ. ಒಳಗೆ ಕಲ್ಲುಹಾಸಿನ ಅಂಗಳ. ಅದರ ಒಂದು ಬದಿಗೆ ಉದ್ದಕ್ಕೂ ಮರದ ಕಟಾಂಜನದ ಮಹಡಿ ಪಡಸಾಲೆ. ಇದೇ ಜಾರ್ಜ್ ಇನ್. 1676ರಲ್ಲಿ ಸದರ್ಕ್ ಬಡಾವಣೆಗೆ ಬೆಂಕಿ ಬಿದ್ದಾಗ ಹಳೇ ಕಟ್ಟಡ ಸುಟ್ಟುಹೋಯ್ತು, ಮರುವರ್ಷವೇ ಮತ್ತೆ ಕಟ್ಟಿದರು. ಕುದುರೆಗಾಡಿ ಕಾಲದ, ಇಂಥ ಪಡಸಾಲೆ ಇರುವ ತಂಗುಮನೆ ಲಂಡನ್ನಿನಲ್ಲಿ ಉಳಿದಿರೋದು ಇದೊಂದೇ.

ಇಲ್ಲಿಗೆ ಬರುವ ನಮ್ಮವರಲ್ಲಿ ಬಹಳ ಮಂದಿ ಪಡಸಾಲೆಯ ಫೋಟೋ ತೆಗೆದು, ಒಳಗೆ ಹೋಗಿ, ಊರಲ್ಲೂ ಸಿಗುವಂಥ ಐಸ್ ತಣ್ಣನೆಯ ಲಾಗರ್ ಬಿಯರ್ ತಗೊಂಡು ಕೂತುಬಿಡ್ತಾರೆ. ನೋಡಿದಾಗೆಲ್ಲ ನನಗೆ ಸಂಕಟ ಆಗುತ್ತೆ. ಬಾಟಲಿ ಬಿಯರ್ ಎಲ್ಲಿ ಕುಡಿದರೂ ಒಂದೇ. ರಿಯಲ್ ಏಲ್ ಅನ್ನುವ ಇಲ್ಲಿನ ಸಾಂಪ್ರದಾಯಿಕ ಬಿಯರ್ ಹಾಗಲ್ಲ. ಅದರ ಅರ್ಧ ಕೆಲಸ ಬ್ರೂವರಿಯಲ್ಲಿ ಆಗುತ್ತೆ, ಉಳಿದರ್ಧ ನೀವು ಕೂತಿರುವ ಪಬ್ಬಿನ ನೆಲಮಾಳಿಗೆಯಲ್ಲಿ. ಆ ಉಳಿದರ್ಧದ ಬಗ್ಗೆಯೇ ಈ ವಿಡಿಯೋ.

[ದೃಶ್ಯ: ಪಬ್ಬಿನ ಸೆಲ್ಲರ್. ಸಾಲಾಗಿ ಅಡ್ಡ ಮಲಗಿಸಿದ ಲೋಹದ ಪೀಪಾಯಿಗಳು.]

ಬ್ರೂವರಿಯಿಂದ ಈ ಪೀಪಾಯಿ, ಅಂದರೆ ಕ್ಯಾಸ್ಕ್, ಬರುವಾಗ ಒಳಗಿನ ಯೀಸ್ಟ್ ಇನ್ನೂ ಜೀವಂತವಾಗಿರುತ್ತೆ. ಏಲನ್ನು ಪೂರ್ತಿ ಸೋಸಿರಲ್ಲ, ಪಾಶ್ಚರೀಕರಣ ಮಾಡಿರಲ್ಲ. ಉಳಿದಿರುವ ಸಕ್ಕರೆ ತಿನ್ನುತ್ತಾ ಯೀಸ್ಟ್ ಪೀಪಾಯಿಯಲ್ಲೇ ಎರಡನೇ ಸಲ ಹುದುಗು ಬರಿಸುತ್ತೆ. ಆಗ ಹುಟ್ಟುವ ಗ್ಯಾಸ್ ಅಷ್ಟೇ ಈ ಏಲ್‌ನ ನೊರೆಗೆ ಆಧಾರ, ಹೊರಗಿನಿಂದ ಸಿಲಿಂಡರ್ ಹಚ್ಚಿ ಗ್ಯಾಸ್ ತುಂಬೋದಿಲ್ಲ. ಪಬ್ಬುಗಳಲ್ಲಿ ಹೆಚ್ಚಾಗಿ ಕಾಣುವ ಪೀಪಾಯಿಯ ಹೆಸರು ಫರ್ಕಿನ್. ಅದರಲ್ಲಿ 9 ಗ್ಯಾಲನ್, ಅಂದರೆ 72 ಪಿಂಟ್, ಸುಮಾರು 41 ಲೀಟರ್ ಹಿಡಿಯುತ್ತೆ.

ಸೆಲ್ಲರ್, ಅಂದರೆ ಈ ನೆಲಮಾಳಿಗೆ, ನೋಡಿಕೊಳ್ಳುವವರು ಅದನ್ನು ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿಸಿ, ಅಲುಗಾಡದ ಹಾಗೆ ಬೆಣೆ ಕೊಡ್ತಾರೆ. ಮೇಲ್ಗಡೆಯ ಬಿರಡೆಗೆ ತೂತು ಹೊಡೆದು ಬೆರಳುದ್ದದ ಮರದ ಮೊಳೆಯೊಂದನ್ನು ಇಳಿಸುತ್ತಾರೆ. ಇದಕ್ಕೆ ಸ್ಪೈಲ್ ಅಂತಾರೆ.

[ಹತ್ತಿರದ ದೃಶ್ಯ: ಸ್ಪೈಲ್ ಸುತ್ತ ಗುಳ್ಳೆಗಳು. ಬಟ್ಟೆಯಿಂದ ಒರೆಸುವ ಕೈ. ಮತ್ತೆ ಗುಳ್ಳೆ. ಹಿನ್ನೆಲೆ ಸಂಗೀತ ಬೇಡ, ಸದ್ದು ಮಾತ್ರ.]

ಇಲ್ಲಿ ಸ್ವಲ್ಪ ಗಮನ ಕೊಟ್ಟು ನೋಡಿ. ಮೊದಲು ಹಾಕೋದು ಮೆತ್ತನೆ ಸ್ಪೈಲ್. ಅದರ ಸೂಕ್ಷ್ಮ ರಂಧ್ರಗಳಿಂದ ಹೆಚ್ಚುವರಿ ಗ್ಯಾಸ್ ಹೊರಗೆ ಬರುತ್ತೆ. ಈ ಗುಳ್ಳೆ ಏಳೋದು ಇನ್ನೂ ಜೋರಾಗಿದ್ದರೆ ಏಲ್ ಸಿದ್ಧವಾಗಿಲ್ಲ ಅಂತ ಲೆಕ್ಕ. ಒರೆಸಿದ ಮೇಲೆ ಗುಳ್ಳೆ ನಿಧಾನವಾಗಿ ಏಳತೊಡಗಿದರೆ ಹದ ಬಂತು. ಆಗ ಮೆತ್ತನೆ ಸ್ಪೈಲ್ ಕಿತ್ತು ಗಟ್ಟಿ ಸ್ಪೈಲ್ ಹೊಡೆದು, ಉಳಿದ ಗ್ಯಾಸನ್ನು ಒಳಗೇ ಹಿಡಿದಿಡುತ್ತಾರೆ. ಒಂದು ಗಂಟೆ ಬೇಗ ಹೊಡೆದರೆ ಏಲ್ ಉಕ್ಕುತ್ತೆ, ತಡವಾದರೆ ಸಪ್ಪೆ. ಕೈಯಲ್ಲಿ ಬಟ್ಟೆ ಹಿಡಿದು ಆ ಮರದ ಮೊಳೆಯನ್ನು ನೋಡುತ್ತಾ ನಿಂತಿರುವ ಮನುಷ್ಯನ ಅನುಭವವೇ ಇಲ್ಲಿ ಅಳತೆಗೋಲು. ನನ್ನ ಪ್ರಕಾರ ಇಡೀ ಪಬ್ಬಿನಲ್ಲಿ ಅತ್ಯಂತ ನಾಜೂಕಾದ ಕೆಲಸ ಇದೇ, ಗಿರಾಕಿಗಳ ಕಣ್ಣಿಗೆ ಮಾತ್ರ ಬೀಳೋದೇ ಇಲ್ಲ.

ಯೀಸ್ಟ್ ತಳಕ್ಕೆ ಕೂರಲು ಒಂದೆರಡು ದಿನ ಬೇಕು. ಅದು ಬೇಗ ಕೂರಲಿ ಅಂತ ಫೈನಿಂಗ್ಸ್ ಬೆರೆಸಿರುತ್ತಾರೆ. ಸಸ್ಯಾಹಾರಿಗಳು ಇದನ್ನು ತಿಳಿದಿರಬೇಕು: ಸಾಂಪ್ರದಾಯಿಕ ಫೈನಿಂಗ್ಸ್ ಅಂದರೆ ಐಸಿಂಗ್ಲಾಸ್, ಮೀನಿನ ಗಾಳಿಚೀಲದಿಂದ ತೆಗೆದದ್ದು. ಅದು ಯೀಸ್ಟಿನ ಜೊತೆ ತಳ ಸೇರುತ್ತೆ ನಿಜ, ಆದರೂ ಬೇಡ ಅನ್ನುವವರು ಬಾರಿನಲ್ಲಿ ವೀಗನ್ ಏಲ್ ಇದೆಯಾ ಅಂತ ಕೇಳಿ. ಈಗ ಐಸಿಂಗ್ಲಾಸ್ ಬಳಸದ ಬ್ರೂವರಿಗಳು ಬೇಕಾದಷ್ಟಿವೆ. ಅಂಥ ಏಲ್ ಸ್ವಲ್ಪ ಮಸುಕಾಗಿ ಕಂಡರೆ ಗಾಬರಿ ಬೇಡ.

ಇನ್ನು ತಾಪಮಾನ. ಇಂಗ್ಲಿಷರು ಬೆಚ್ಚಗಿನ ಬಿಯರ್ ಕುಡೀತಾರೆ ಅನ್ನೋ ಮಾತು ಕೇಳಿರುತ್ತೀರಿ. ಸೆಲ್ಲರಿನ ತಾಪಮಾನವನ್ನು 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡ್ತಾರೆ. ಬೆಂಗಳೂರಿನ ಡಿಸೆಂಬರ್ ಮುಂಜಾವಿನಲ್ಲೂ ಅಷ್ಟು ತಂಪಿರೋದು ಅಪರೂಪ. ಫ್ರಿಜ್ಜಿನಿಂದ ತೆಗೆದ ಲಾಗರಿಗೆ ಒಗ್ಗಿದ ನಾಲಿಗೆಗೆ ಅದು ಬೆಚ್ಚಗೆ ಅನಿಸಬಹುದು. ಮರಗಟ್ಟಿದ ನಾಲಿಗೆಗೆ ಮಾಲ್ಟಿನ, ಅಂದರೆ ಮೊಳಕೆ ಬರಿಸಿದ ಬಾರ್ಲಿಯ, ರುಚಿ ಸಿಗೋದಿಲ್ಲ, ಈ ತಾಪಮಾನದಲ್ಲಿ ಸಿಗುತ್ತೆ.

[ದೃಶ್ಯ: ಬಾರ್ ಕೌಂಟರ್. ಉದ್ದನೆ ಹಿಡಿಯ ಹ್ಯಾಂಡ್ ಪಂಪ್. ಎರಡು ಉದ್ದನೆಯ ಎಳೆತ, ಕೊನೆಗೆ ಒಂದು ಪುಟ್ಟ ಎಳೆತ. ಗ್ಲಾಸಿನೊಳಗೆ ಕಂದು ಮೋಡ ಕೆಳಗಿನಿಂದ ತಿಳಿಯಾಗುತ್ತಾ ಬರುತ್ತದೆ.]

ಕೌಂಟರಿನ ಮೇಲಿರುವ ಈ ಹಿಡಿ ನಲ್ಲಿಯಲ್ಲ, ಕೈಪಂಪು. ಒಂದು ಪೂರ್ತಿ ಎಳೆತಕ್ಕೆ ಸಾಮಾನ್ಯವಾಗಿ ಅರ್ಧ ಪಿಂಟ್ ಮೇಲೆ ಬರುತ್ತೆ. ಎಷ್ಟು ಏಲ್ ಹೊರಬಂತೋ ಅಷ್ಟು ಗಾಳಿ ಪೀಪಾಯಿಯೊಳಗೆ ಹೋಗುತ್ತೆ. ಅಲ್ಲಿಂದ ದಿನಗಣನೆ ಶುರು: ಮೂರು ದಿನದೊಳಗೆ ಪೀಪಾಯಿ ಖಾಲಿಯಾಗಬೇಕು. ಅದಾದ ಮೇಲೆ, ಬೇಸಿಗೆಯಲ್ಲಿ ಹೊರಗೇ ಬಿಟ್ಟ ದೋಸೆ ಹಿಟ್ಟಿನ ಹಾಗೆ, ಹುಳಿ ಮುಂದೆ ಬಂದುಬಿಡುತ್ತೆ. ಹಾಗಾಗಿ ಹತ್ತು ಪಂಪುಗಳಿರುವ ಖಾಲಿ ಪಬ್ಬಿಗಿಂತ ಮೂರೇ ಪಂಪುಗಳಿರುವ ತುಂಬಿದ ಪಬ್ಬು ಮೇಲು. ಜಾರ್ಜ್ ಇನ್‌ನಂಥ ಜನನಿಬಿಡ ಜಾಗದಲ್ಲಿ ಪೀಪಾಯಿ ಬೇಗ ಖಾಲಿಯಾಗುತ್ತೆ, ಅದೇ ಅಲ್ಲಿನ ಅನುಕೂಲ.

ಈ ವ್ಯವಸ್ಥೆ ಒಂದು ಕಾಲದಲ್ಲಿ ಇಲ್ಲವಾಗುವ ಹಂತಕ್ಕೆ ಬಂದಿತ್ತು. 1960ರ ದಶಕದಲ್ಲಿ ದೊಡ್ಡ ಬ್ರೂವರಿ ಕಂಪನಿಗಳು ಕೆಗ್ ಬಿಯರಿಗೆ ತಿರುಗಿದವು. ಸೋಸಿ, ಪಾಶ್ಚರೀಕರಿಸಿ, ತಣ್ಣಗೆ ಮಾಡಿ, ಕಾರ್ಬನ್ ಡೈಆಕ್ಸೈಡ್ ಒತ್ತಡದಲ್ಲಿ ಮೇಲೆ ತಳ್ಳುವ ಬಿಯರ್ ಅದು. ಕೆಡಲ್ಲ, ನೋಡಿಕೊಳ್ಳಲು ನುರಿತವರು ಬೇಕಿಲ್ಲ, ಎಲ್ಲ ಊರಲ್ಲೂ ಒಂದೇ ರುಚಿ. ವಾಟ್ನೀಸ್ ರೆಡ್ ಬ್ಯಾರೆಲ್ ಅದರ ಅತಿ ಪ್ರಸಿದ್ಧ ಹೆಸರು. ತಮ್ಮಲ್ಲೇ ಏಲ್ ತಯಾರಿಸುವ ಹಳೇ ಪಬ್ಬುಗಳಂತೂ 1970ರ ದಶಕದ ಆರಂಭಕ್ಕೆ ಇಡೀ ಇಂಗ್ಲೆಂಡಿನಲ್ಲಿ ನಾಲ್ಕಕ್ಕೆ ಇಳಿದಿದ್ದವು: ಕಾರ್ನ್‌ವಾಲ್‌ನ ಹೆಲ್‌ಸ್ಟನ್‌ನಲ್ಲಿ ಬ್ಲೂ ಆಂಕರ್, ಮ್ಯಾಡ್ಲಿಯಲ್ಲಿ ಆಲ್ ನೇಷನ್ಸ್, ಬಿಷಪ್ಸ್ ಕಾಸಲ್‌ನಲ್ಲಿ ತ್ರೀ ಟನ್ಸ್, ನೆದರ್ಟನ್‌ನಲ್ಲಿ ಓಲ್ಡ್ ಸ್ವಾನ್. ಹುಲ್ಲು ಹೊದಿಸಿದ ಮಾಡಿನ ಬ್ಲೂ ಆಂಕರಿನಲ್ಲಿ ಸ್ಪಿಂಗೋ ಅನ್ನುವ ಏಲ್ ಸಿಗುತ್ತೆ. ಓಲ್ಡ್ ಸ್ವಾನಿನ ಎನಾಮೆಲ್ ಚಾವಣಿಯ ಮೇಲೆ ಒಂದು ದೊಡ್ಡ ಹಂಸ ಇದೆ. ಕಾಲಾವಕಾಶ ಇದ್ದವರು ಲಂಡನ್ ಬಿಟ್ಟು ಅಲ್ಲಿಗೂ ಹೋಗಿ ಬನ್ನಿ.

1971ರಲ್ಲಿ ನಾಲ್ಕು ಜನ ಇಂಗ್ಲಿಷ್ ಯುವಕರು ಐರ್ಲೆಂಡಿನ ಕೆರಿ ಪ್ರಾಂತ್ಯಕ್ಕೆ ರಜೆಗೆ ಹೋಗಿದ್ದಾಗ, ಇದಕ್ಕೇನಾದರೂ ಮಾಡಲೇಬೇಕು ಅಂತ ಒಂದು ಸಂಘ ಕಟ್ಟಿದರು. ಅದೇ ಕ್ಯಾಮ್ರಾ, ಕ್ಯಾಂಪೇನ್ ಫಾರ್ ರಿಯಲ್ ಏಲ್. ಗಿರಾಕಿಗಳೇ ಒಗ್ಗಟ್ಟಾಗಿ ಒಂದು ಪೇಯವನ್ನು ಉಳಿಸಿಕೊಂಡ ಕಥೆ ಇದು. ಇವತ್ತು ನಾವು ಬಾರಿನಲ್ಲಿ ಹ್ಯಾಂಡ್ ಪಂಪ್ ನೋಡುತ್ತಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು.

[ದೃಶ್ಯ: ಸದರ್ಕ್ ಸ್ಟ್ರೀಟ್. ಹಾಪ್ ಎಕ್ಸ್‌ಚೇಂಜ್ ಕಟ್ಟಡದ ಕಂಬಗಳು. ನಂತರ ಜಾರ್ಜ್ ಇನ್ ಅಂಗಳದ ಹಳೇ ಚಿತ್ರ.]

ಇಂಥ ಪಬ್ಬು ಈ ಬೀದಿಯಲ್ಲೇ ಯಾಕೆ ಅನ್ನೋದಕ್ಕೂ ಕಾರಣ ಇದೆ. ಏಲ್‌ಗೆ ಕಹಿ ಕೊಡುವ ಹಾಪ್ಸ್ ಹೂವು ಬೆಳೆಯೋದು ಕೆಂಟ್ ಪ್ರಾಂತ್ಯದಲ್ಲಿ. ಕೆಂಟ್‌ನಿಂದ ಲಂಡನ್ನಿಗೆ ಬರುವ ದಾರಿ ಬಂದು ಮುಟ್ಟುತ್ತಿದ್ದದ್ದು ಇದೇ ಬರೋ ಹೈ ಸ್ಟ್ರೀಟಿಗೆ. ಹಾಪ್ಸ್ ಮೂಟೆಗಳು ಇಲ್ಲೇ ಇಳಿದು, ಇಲ್ಲೇ ಮಾರಾಟವಾಗುತ್ತಿದ್ದವು. 1867ರಲ್ಲಿ ಅದಕ್ಕಂತಲೇ ಹಾಪ್ ಎಕ್ಸ್‌ಚೇಂಜ್ ಕಟ್ಟಿದರು. ಹಾಪ್ಸ್ ಕೀಳುವ ಕಾಲ ಬಂದಾಗ ಲಂಡನ್ನಿನ ಬಡ ಕುಟುಂಬಗಳು ಮಕ್ಕಳುಮರಿ ಕಟ್ಟಿಕೊಂಡು ಲಂಡನ್ ಬ್ರಿಡ್ಜ್‌ನಿಂದ ರೈಲು ಹತ್ತಿ ಕೆಂಟ್‌ಗೆ ಕೂಲಿಗೆ ಹೋಗುತ್ತಿದ್ದರು. ಎಷ್ಟೋ ಜನರಿಗೆ ವರ್ಷದಲ್ಲಿ ಊರಾಚೆಯ ಗಾಳಿ ಸಿಗುತ್ತಿದ್ದದ್ದು ಆಗ ಮಾತ್ರ. ಯಂತ್ರ ಬಂದ ಮೇಲೆ ಅದು ನಿಂತುಹೋಯ್ತು. ಹತ್ತಿರದಲ್ಲೇ ಇದ್ದ ಆಂಕರ್ ಬ್ರೂವರಿ 1781ರಲ್ಲಿ 1,35,000 ಪೌಂಡಿಗೆ ಮಾರಾಟವಾಗಿತ್ತು ಅಂದರೆ ಈ ವ್ಯಾಪಾರದ ಗಾತ್ರ ಊಹಿಸಿಕೊಳ್ಳಿ.

ಜಾರ್ಜ್ ಇನ್ ಆಗ ಕುದುರೆಗಾಡಿಗಳ ನಿಲ್ದಾಣ. ಪಡಸಾಲೆ ಅಂಗಳದ ಮೂರು ಬದಿಗೂ ಇತ್ತು. ರೈಲು ಬಂತು, ಗಾಡಿಗಳು ನಿಂತವು. 1889ರಲ್ಲಿ ರೈಲ್ವೆ ಕಂಪನಿಯೇ ಎರಡು ಬದಿ ಕೆಡವಿತು. ಉಳಿದ ಬದಿಯನ್ನು 1937ರಲ್ಲಿ, ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದ್ದೂ ರೈಲ್ವೆ ಕಂಪನಿಯೇ. ಪಬ್ಬನ್ನು ಗುತ್ತಿಗೆ ಹಿಡಿದು ನಡೆಸುತ್ತಿರೋದು 1799ರಿಂದ ಇರುವ ಗ್ರೀನ್ ಕಿಂಗ್ ಬ್ರೂವರಿ.

[ದೃಶ್ಯ: ತಗ್ಗಿನ ಚಾವಣಿಯ ಒಳಕೋಣೆ. ಕೌಂಟರಿನ ಮೇಲೆ ಪಂಪ್ ಕ್ಲಿಪ್‌ಗಳು.]

ಈಗ ಆರ್ಡರ್ ಮಾಡೋದು. ಮೇಜಿನ ಹತ್ತಿರ ಯಾರಾದರೂ ಬರ್ತಾರೆ ಅಂತ ಕಾಯಬೇಡಿ, ಕೌಂಟರಿಗೆ ಹೋಗಿ, ಅಲ್ಲೇ ದುಡ್ಡು ಕೊಡಿ. ಪಂಪಿನ ಮೇಲಿನ ಫಲಕದಲ್ಲಿ ಏಲ್‌ನ ಹೆಸರು, ಆಲ್ಕೋಹಾಲ್ ಪ್ರಮಾಣ ಎರಡೂ ಇರುತ್ತೆ. ಪಿಂಟ್ ಅಂದರೆ 568 ಮಿಲಿಲೀಟರ್. ರುಚಿ ನೋಡೋಕೆ ಬಂದವರು ಹಾಫ್, ಅಂದರೆ ಅರ್ಧ ಪಿಂಟ್, ತಗೊಳ್ಳಿ, ಕೆಲವು ಪಬ್ಬುಗಳಲ್ಲಿ ಪಿಂಟಿನ ಮೂರನೇ ಒಂದು ಭಾಗದ ಗ್ಲಾಸೂ ಇರುತ್ತೆ. ಯಾವುದು ಅಂತ ಗೊತ್ತಾಗದಿದ್ದರೆ ಟೇಸ್ಟರ್ ಕೇಳಿ, ಒಂದೆರಡು ಗುಟುಕು ಕೊಡುತ್ತಾರೆ. ಕೇಳೋಕೆ ಸಂಕೋಚ ಬೇಡ, ಅದು ಅಲ್ಲಿನ ರೂಢಿ.

ಕಡಿಮೆ ಆಲ್ಕೋಹಾಲಿನದ್ದರಿಂದ ಶುರುಮಾಡಿ. ಮೊದಲು ಬಿಟರ್. ಹೆಸರಿಗೆ ಕಹಿ ಆದರೂ ಅದರಲ್ಲಿ ಹುರಿದ ಬಾರ್ಲಿಯ, ಬಿಸ್ಕೆಟ್ಟಿನ ವಾಸನೆಯೇ ಮುಂದು, ಹಾಪ್ಸಿನ ಕಹಿ ಗುಟುಕಿನ ಕೊನೆಗೆ ನಾಲಿಗೆಯ ಹಿಂಭಾಗದಲ್ಲಿ ನಿಲ್ಲುತ್ತೆ. ಆಮೇಲೆ ಸಿಕ್ಕಿದರೆ ಮೈಲ್ಡ್. ಕಪ್ಪಗಿರುತ್ತೆ, ಆದರೆ ಹೆಚ್ಚಿನವು ಹಗುರ. ಕಾರ್ಖಾನೆ, ಗಣಿ ಕೆಲಸದವರ ದಾಹಕ್ಕೆ ಬೆಳೆದುಬಂದ ಏಲ್ ಇದು, ಈಗ ಅಪರೂಪ, ಕಂಡರೆ ಬಿಡಬೇಡಿ. 5 ಪರ್ಸೆಂಟಿನ ಆಬಟ್ ಏಲ್‌ನಂಥವನ್ನು ಕೊನೆಗಿಡಿ, ಒಣಹಣ್ಣಿನ ಘಮ ಅದರಲ್ಲಿ ಗಾಢವಾಗಿರುತ್ತೆ. ಐಪಿಎ ಅಂತ ಕಂಡರೆ ಅದರ ಹೆಸರಿನಲ್ಲಿರುವ ಐ ನಮ್ಮ ಇಂಡಿಯಾ. ಇಂಡಿಯಾದಲ್ಲಿದ್ದ ಬ್ರಿಟಿಷರಿಗೆ ಅಂತ ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿಸುತ್ತಿದ್ದ, ಹಾಪ್ಸ್ ಹೆಚ್ಚು ಹಾಕಿದ ಪೇಲ್ ಏಲ್‌ನ ವಂಶ ಅದು. ಗ್ರೀನ್ ಕಿಂಗ್ ಐಪಿಎ ಮಾತ್ರ ಈ ಕಾಲದ ಹಗುರ ಬಿಟರ್. ಬೆಂಗಳೂರಿನ ಬ್ರೂಪಬ್ಬುಗಳ ಐಪಿಎ ಕುಡಿದವರಿಗೆ ಎರಡಕ್ಕೂ ಸಂಬಂಧವೇ ಇಲ್ಲ ಅನಿಸುತ್ತೆ.

ಉತ್ತರ ಇಂಗ್ಲೆಂಡಿನವರಿಗೆ ಗ್ಲಾಸಿನ ಮೇಲೆ ಕೆನೆಯಂಥ ದಪ್ಪ ನೊರೆ ಬೇಕು. ಅದಕ್ಕಂತ ಪಂಪಿನ ಮೂತಿಗೆ ಸಣ್ಣ ತೂತುಗಳ ಸ್ಪಾರ್ಕ್ಲರ್ ಸಿಕ್ಕಿಸುತ್ತಾರೆ. ಲಂಡನ್ ಕಡೆ ಸಾಮಾನ್ಯವಾಗಿ ಅದಿಲ್ಲ, ನೊರೆ ತೆಳ್ಳಗೆ. ನನಗೆ ದಕ್ಷಿಣದ ಪದ್ಧತಿಯೇ ಇಷ್ಟ, ಹಾಪ್ಸಿನ ಪರಿಮಳ ನೇರ ಮೂಗಿಗೆ ಬರುತ್ತೆ. ಯಾರ್ಕ್‌ಷೈರಿನಲ್ಲಿರುವ ಕನ್ನಡದ ಗೆಳೆಯರು ಒಪ್ಪಲಿಕ್ಕಿಲ್ಲ, ಕಾಮೆಂಟಿನಲ್ಲಿ ಬರೆಯಿರಿ.

[ಹತ್ತಿರದ ದೃಶ್ಯ: ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದ ಕೈ.]

ಗ್ಲಾಸು ಕೈಗೆ ಬಂದ ಮೇಲೆ ಬೆಳಕಿಗೆ ಹಿಡಿದು ನೋಡಿ, ಮೂಗಿನ ಹತ್ತಿರ ತನ್ನಿ. ವಿನೆಗರ್ ವಾಸನೆ ಹೊಡೆದರೆ ಪೀಪಾಯಿಗೆ ದಿನ ಮೀರಿದೆ. ತಿಳಿಯಾಗಿರಬೇಕಾದ ಏಲ್ ಕದಡಿಕೊಂಡು, ಯೀಸ್ಟಿನ ಘಾಟು ಬಂದರೆ ಪೀಪಾಯಿ ತಳ ಮುಟ್ಟಿರಬೇಕು. ಎರಡರಲ್ಲಿ ಯಾವುದಾದರೂ ಸರಿ, ಒಂದು ಗುಟುಕು ಕುಡಿದ ತಕ್ಷಣ ಗ್ಲಾಸು ವಾಪಸ್ ಒಯ್ದು ಮೆತ್ತಗೆ ಹೇಳಿ. ಒಳ್ಳೆಯ ಪಬ್ಬಿನಲ್ಲಿ ವಾದ ಮಾಡೋದಿಲ್ಲ, ಬೇರೆ ಕೊಡುತ್ತಾರೆ, ಆ ಪಂಪಿನ ಫಲಕವನ್ನು ಹಿಂದುಮುಂದಾಗಿ ತಿರುಗಿಸಿ ಹೊಸ ಪೀಪಾಯಿ ಜೋಡಿಸಲು ಸೆಲ್ಲರಿಗೆ ಇಳಿಯುತ್ತಾರೆ. ಅರ್ಧ ಖಾಲಿ ಮಾಡಿ ದೂರಿದರೆ ಮಾತ್ರ ಯಾರೂ ಕೇಳೋದಿಲ್ಲ.