ಕಣ್ಣಿಗೆ ಬಿದ್ದದ್ದು ಬರೀ ಕಸವೇ?

ಕೇಳುಗರಿಗೆ ನಮಸ್ಕಾರ. ಚಿಕ್ಕಮಗಳೂರಿನ ಸುತ್ತಮುತ್ತಲ ಹೋಂಸ್ಟೇ, ರೆಸಾರ್ಟ್, ತೋಟದ ಬಂಗಲೆಗಳಲ್ಲಿ ಹುಲ್ಲು ಕತ್ತರಿಸುವುದು, ಬೇಲಿಗಿಡ ಸವರುವುದು ನನ್ನ ಗುತ್ತಿಗೆ ಕೆಲಸ. ಮಳೆ ನಿಲ್ಲುವಷ್ಟರಲ್ಲಿ ಹುಲ್ಲು ಮೊಣಕಾಲು ಮುಟ್ಟಿರುತ್ತದೆ. ದಸರಾ ರಜೆಗೆ ಪ್ರವಾಸಿಗರು ಬರುವ ಮೊದಲೇ ಎಲ್ಲ ಕಡೆ ಅಂಗಳ ನುಣ್ಣಗಾಗಬೇಕು. ಆ ಅವಸರದಲ್ಲಿ ನಮ್ಮವರ ಬಾಯಿಂದ ದಿನಕ್ಕೊಮ್ಮೆಯಾದರೂ ಬರುವ ಮಾತು: ‘ಏನಿಲ್ಲ, ಕಣ್ಣಿಗೆ ಕಸ ಬಿತ್ತು.’

ಎಂಥ ಕಸ ಎಂದು ಯಾರೂ ಕೇಳುವುದಿಲ್ಲ. ಹುಲ್ಲು ಕತ್ತರಿಸುವ ಯಂತ್ರದ, ಅಂದರೆ ಬ್ರಷ್ ಕಟರ್‌ನ, ಅಲಗು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಹುಲ್ಲಿನಡಿಯ ಜಲ್ಲಿಯೋ ತಂತಿಯ ತುಂಡೋ ಅದಕ್ಕೆ ಸಿಕ್ಕರೆ ಕವಣೆಯಿಂದ ಹಾರಿದ ಕಲ್ಲೇ ಸರಿ. 15 ಮೀಟರ್ ಒಳಗೆ ಯಾರೂ ಇರಬಾರದು ಎಂದು ಯಂತ್ರದ ಕೈಪಿಡಿಗಳು ಹೇಳುತ್ತವೆ. ನಮ್ಮಲ್ಲಿ ಹುಲ್ಲು ಬಾಚುವ ಹೆಂಗಸರು ನಾಲ್ಕು ಹೆಜ್ಜೆ ಹಿಂದೆಯೇ ಇರುತ್ತಾರೆ. ಅವರಿಗೂ ಕಣ್ಣು ಕಾಯುವ ಕನ್ನಡಕ ಬೇಕೆಂದು ನನಗೆ ಬಹಳ ಕಾಲ ಹೊಳೆದೇ ಇರಲಿಲ್ಲ.

ಆದರೆ ನನಗೆ ಬುದ್ಧಿ ಕಲಿಸಿದ್ದು ಕಲ್ಲಲ್ಲ, ಬೆರಳುದ್ದದ ಕಡ್ಡಿ. ದಾಸವಾಳದ ಬೇಲಿ ಸವರುತ್ತಿದ್ದ ಹುಡುಗನ ಕಣ್ಣಿಗೆ ತಾಗಿತು. ಜೊತೆಗಿದ್ದ ಅಕ್ಕ ಸೆರಗಿನ ತುದಿಗೆ ಊದಿ ಶಾಖ ಕೊಟ್ಟರು. ಮನೆಯಲ್ಲಿ ನಂದಿಬಟ್ಟಲ ಹೂವಿನ ರಸ ಹಿಂಡಿದರು. ಮೂರನೆಯ ದಿನ ಔಷಧಿ ಅಂಗಡಿಯಿಂದ ಹನಿ ತಂದುಕೊಟ್ಟವನು ನಾನೇ. ಕೆಂಪು ಇಳಿಯಿತು, ಗೆದ್ದೆವು ಎಂದುಕೊಂಡೆವು. ವಾರ ಕಳೆಯುವಷ್ಟರಲ್ಲಿ ಕರಿಗುಡ್ಡೆಯ ಮೇಲೆ ಬೂದು ಚುಕ್ಕಿ ಕಾಣಿಸಿತು, ಬೆಳಕು ನೋಡಲಾಗದಷ್ಟು ನೋವು. ಗಿಡದ ಕಡ್ಡಿ ಗೀರಿದಾಗ ಅದರೊಡನೆ ಬೂಷ್ಟು, ಅಂದರೆ ಶಿಲೀಂಧ್ರ, ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಾದ ಕಾರ್ನಿಯಾ ಹೊಕ್ಕು ಹುಣ್ಣು ಮಾಡುತ್ತದೆ ಎಂದರು ಕಣ್ಣಿನ ವೈದ್ಯರು. ನಾನು ತಂದ ಹನಿಯಲ್ಲಿದ್ದದ್ದು ಸ್ಟೀರಾಯ್ಡ್. ಅದು ಕೆಂಪನ್ನು ಅಡಗಿಸುತ್ತದೆ, ಬೂಷ್ಟನ್ನು ಬೆಳೆಯಗೊಡುತ್ತದೆ. ಕಣ್ಣು ಉಳಿಯಿತು, ಕಲೆಯೂ ಉಳಿಯಿತು.

ಮಣ್ಣು, ಧೂಳು ಬಿದ್ದರೆ ಉಜ್ಜದೆ ಶುದ್ಧ ನೀರಿನಲ್ಲಿ ತೊಳೆಯಿರಿ. ತೋಟದ ಗಿಡಗಳ ಬೂಷ್ಟು ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಕಲಸುವ ಸುಣ್ಣ ಸಿಡಿದರೆ ಆಸ್ಪತ್ರೆಗೆ ಓಡುವುದಕ್ಕೂ ಮೊದಲು ನಿಂತಲ್ಲೇ ತೊಳೆಯಬೇಕು. ಕಡಿಮೆಯೆಂದರೆ ಇಪ್ಪತ್ತು ನಿಮಿಷ, ರೆಪ್ಪೆ ಬಿಡಿಸಿ ಹಿಡಿದು. ಸುಣ್ಣ ಆಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಆದರೆ ಏನಾದರೂ ಕಣ್ಣೊಳಗೆ ಚುಚ್ಚಿ ನಿಂತಿದ್ದರೆ ನೀರೂ ಬೇಡ, ಕೀಳುವುದೂ ಬೇಡ. ಕಾಗದದ ಲೋಟವನ್ನು ಕಣ್ಣಿಗೆ ಒತ್ತದಂತೆ ಮೇಲೆ ಕವುಚಿ, ಅಂಟಿಸಿ, ಕರೆದೊಯ್ಯಿರಿ.

ಕನ್ನಡಕ ಹಾಕಿದರೆ ಆವಿ ಕಟ್ಟುತ್ತದೆ ಎಂಬ ದೂರು ಸುಳ್ಳಲ್ಲ. ನಮ್ಮ ಮಲೆನಾಡಿನ ಹವೆಯೇ ಹಾಗೆ. ಗಾಳಿಕಂಡಿ ಇರುವ ಪಾಲಿಕಾರ್ಬೊನೇಟ್ ಕನ್ನಡಕದಲ್ಲಿ ಆ ಕಾಟ ಕಡಿಮೆ. ಮುಖಕ್ಕೆ ಅಡ್ಡ ಹಿಡಿಯುವ ಜಾಲರಿಯೊಂದೇ ಸಾಲದು, ಚೂರು ಗಲ್ಲದ ಕೆಳಗಿನಿಂದಲೂ ಹಾರುತ್ತದೆ.

ನಾನು ಈಗ ಪ್ರತಿ ಸಂಜೆ ಒಂದೊಂದು ಕನ್ನಡಕವನ್ನು ಒಂದೊಂದು ಯಂತ್ರದ ಸ್ಟಾರ್ಟರ್ ಹಿಡಿಗೆ ಬಿಗಿಯಾಗಿ ಕಟ್ಟಿಡುತ್ತೇನೆ. ಬೆಳಿಗ್ಗೆ ಅದನ್ನು ಬಿಚ್ಚದೆ ಹಗ್ಗ ಎಳೆಯಲಾಗುವುದಿಲ್ಲ. ಹುಡುಗರು ಗೊಣಗುತ್ತಾರೆ, ಗೊಣಗುತ್ತಲೇ ಹಾಕಿಕೊಳ್ಳುತ್ತಾರೆ.