ಬೆಳ್ಳಿ ಗೆಜ್ಜೆಯ ಕಪ್ಪನ್ನು ಉಜ್ಜಿ ಕಳೆಯಬೇಡಿ, ಅದರಲ್ಲಿ ನಿಮ್ಮ ಬೆಳ್ಳಿಯೇ ಇದೆ

[ತೆರೆಯ ಮೇಲೆ: ಎರಡು ಜೊತೆ ಕಾಲ್ಗೆಜ್ಜೆ. ಒಂದು ಬೆಳ್ಳಗೆ, ಇನ್ನೊಂದು ಪೂರ್ತಿ ಕಪ್ಪು.]

ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಒಂದು ಒಳ್ಳೆ ಪ್ರಶ್ನೆ ಕಳಿಸಿದ್ದಾರೆ. "ದಿನಾ ಹಾಕಿಕೊಳ್ಳುವ ಗೆಜ್ಜೆ ಬೆಳ್ಳಗೇ ಇದೆ. ಬೀರುವಿನಲ್ಲಿ ಜೋಪಾನವಾಗಿ ಎತ್ತಿಟ್ಟಿದ್ದು ಕಪ್ಪಾಗಿದೆ. ಉಲ್ಟಾ ಆಗಬೇಕಿತ್ತು ಅಲ್ವಾ?"

ಹೌದು, ಹಾಗೇ ಅನಿಸುತ್ತದೆ. ಮಣ್ಣು, ಬೆವರು, ಬಚ್ಚಲ ನೀರು ಎಲ್ಲ ಕಂಡಿದ್ದು ಕಾಲಲ್ಲಿದ್ದ ಗೆಜ್ಜೆ. ಆದರೂ ಅದೇ ಹೊಳೆಯುತ್ತಿದೆ.

ಮೊದಲು ಒಂದು ಮಾತು ಬೇಗ ಹೇಳಿ ಮುಗಿಸುತ್ತೇನೆ. ಇದು ತುಕ್ಕಲ್ಲ. ನಾವು ಉಸಿರಾಡುವ ಆಮ್ಲಜನಕ ಬೆಳ್ಳಿಗೆ ಹೆಚ್ಚೇನೂ ಮಾಡುವುದಿಲ್ಲ. ಮೈಯ ಉಷ್ಣಕ್ಕೆ ಬೆಳ್ಳಿ ಕಪ್ಪಾಗುತ್ತದೆ ಅಂತ ಹೇಳುವವರಿದ್ದಾರೆ, ಅದೂ ಕಾರಣ ಅಲ್ಲ. ಕಾರಣ ಗಂಧಕ. ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ತೀರಾ ಕಡಿಮೆ ಪ್ರಮಾಣದಲ್ಲಿ ಇರುತ್ತದೆ. ಚರಂಡಿ ಹತ್ತಿರ ಜಾಸ್ತಿ. ಮೊಟ್ಟೆ, ಈರುಳ್ಳಿ, ಕೆಲವು ಔಷಧಿ ಸೋಪುಗಳಲ್ಲೂ ಗಂಧಕ ಇದೆ. ಅದು ಬೆಳ್ಳಿಯ ಜೊತೆ ಸೇರಿದಾಗ ಸಿಲ್ವರ್ ಸಲ್ಫೈಡ್ ಆಗುತ್ತದೆ. ಮೊದಲು ನಸುಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ಮಳೆಗಾಲದ ತೇವದಲ್ಲಿ ಇನ್ನೂ ಬೇಗ.

ಕಾಲಲ್ಲಿರುವ ಗೆಜ್ಜೆಯಲ್ಲೂ ಇದು ನಡೆಯುತ್ತದೆ. ಆದರೆ ಚರ್ಮಕ್ಕೆ, ಸೀರೆ ಅಂಚಿಗೆ ಉಜ್ಜಿ ಉಜ್ಜಿ ಆ ತೆಳು ಪದರ ದಿನಾ ಹೋಗುತ್ತಿರುತ್ತದೆ. ಬೀರುವಿನಲ್ಲಿ ಉಜ್ಜುವವರು ಯಾರಿದ್ದಾರೆ? ತಿಂಗಳುಗಟ್ಟಲೆ ಪದರದ ಮೇಲೆ ಪದರ ಕೂರುತ್ತದೆ. ಇನ್ನೊಂದು ವಿಷಯ. ಎತ್ತಿಡುವಾಗ ಅಂಗಡಿಯ ಗುಲಾಬಿ ಕಾಗದದಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದಿರಾ? ರಬ್ಬರನ್ನು ಗಟ್ಟಿ ಮಾಡುವುದಕ್ಕೇ ಗಂಧಕ ಬೆರೆಸಿರುತ್ತಾರೆ. ಬ್ಯಾಂಡ್ ತಾಗಿದ ಕಡೆ ಕರಿಗೆರೆ ಬೀಳುವುದು ಅದರಿಂದಲೇ.

[ತೆರೆಯ ಮೇಲೆ ದೊಡ್ಡದಾಗಿ: 87%]

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಆ ಕಪ್ಪು ಪದರದಲ್ಲಿ ಎರಡು ಬೆಳ್ಳಿ ಪರಮಾಣುವಿಗೆ ಒಂದು ಗಂಧಕದ ಪರಮಾಣು. ಬೆಳ್ಳಿ ಪರಮಾಣು ಗಂಧಕಕ್ಕಿಂತ ಮೂರು ಪಟ್ಟಿಗೂ ಜಾಸ್ತಿ ಭಾರ. ಲೆಕ್ಕ ಹಾಕಿದರೆ ಕಪ್ಪಿನ ತೂಕದಲ್ಲಿ ಸುಮಾರು 87% ಬೆಳ್ಳಿಯೇ! ಕೊಳೆ ಅಂತ ನಾವು ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಸಿಂಕಿಗೆ ಬಿಡುವುದು ನಮ್ಮದೇ ಬೆಳ್ಳಿಯನ್ನು. ಟೂತ್‌ಪೇಸ್ಟಿನಲ್ಲಿ ಹಲ್ಲು ಉಜ್ಜಲೆಂದು ಹಾಕಿದ ಸಣ್ಣ ಗಟ್ಟಿ ಪುಡಿ ಇರುತ್ತದೆ. ಹಲ್ಲಿನ ಮೇಲ್ಪದರ ಗಟ್ಟಿ, ತಡೆಯುತ್ತದೆ. ಬೆಳ್ಳಿ ಮೆದು, ಗೀರು ಬೀಳುತ್ತದೆ. ಒಂದು ಸಲಕ್ಕೆ ಹೋಗುವುದು ಕಣ್ಣಿಗೆ ಕಾಣುವಷ್ಟಿಲ್ಲ, ನಿಜ. ಆದರೆ ವರ್ಷಗಟ್ಟಲೆ ಉಜ್ಜಿದರೆ ಕುಸುರಿ ಸವೆದು ಹೋಗುತ್ತದೆ. ಹಳೇ ಕುಂಕುಮದ ಬಟ್ಟಲಿನ ಹೂವು, ಎಲೆ ಎಲ್ಲ ಮಸುಕಾಗಿರುವುದನ್ನು ನೋಡಿರುತ್ತೀರಿ.

ಹಾಗಾದರೆ ಆ ಬೆಳ್ಳಿಯನ್ನು ವಾಪಸ್ ಪಡೆಯಬಹುದಾ? ಪಡೆಯಬಹುದು, ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್‌ನಿಂದ.

ಇದನ್ನು ಹೀಗೆ ಯೋಚಿಸಿ. ನಿಮ್ಮ ಬೆಳ್ಳಿ ಗಂಧಕದ ಹತ್ತಿರ ಅಡವು ಬಿದ್ದಿದೆ. ಒಡವೆ ಹಾಳಾಗಿಲ್ಲ, ಕೈ ಬದಲಾಗಿದೆ ಅಷ್ಟೆ. ಬೆಳ್ಳಿಯ ಎಲೆಕ್ಟ್ರಾನು ಗಂಧಕದ ವಶದಲ್ಲಿದೆ. ಬಿಡಿಸಿಕೊಳ್ಳಲು ಯಾರಾದರೂ ದುಡ್ಡು ಕಟ್ಟಬೇಕು. ಎಲೆಕ್ಟ್ರಾನು ಕೊಡುವುದರಲ್ಲಿ ಅಲ್ಯೂಮಿನಿಯಂ ಬೆಳ್ಳಿಗಿಂತ ತುಂಬಾ ಧಾರಾಳಿ. ಒಂದು ಪರಮಾಣು ಮೂರು ಎಲೆಕ್ಟ್ರಾನು ಕೊಡುತ್ತದೆ, ಮೂರು ಬೆಳ್ಳಿ ಪರಮಾಣು ಬಿಡುಗಡೆ ಆಗುತ್ತವೆ. ಬೆಳ್ಳಿ ಮನೆಗೆ ಬಂತು. ಸಾಲ ಅಲ್ಯೂಮಿನಿಯಂ ತಲೆಗೆ ಹೋಯಿತು. ಅದಕ್ಕೇ ಕೆಲಸ ಮುಗಿದ ಮೇಲೆ ಫಾಯಿಲ್ ಕಳೆಗುಂದಿರುತ್ತದೆ. ಉಜ್ಜಿ ತೆಗೆಯುವುದು ಅಂದರೆ ಅಡವಿಟ್ಟ ಒಡವೆಯನ್ನು ಬಿಡಿಸಿಕೊಳ್ಳದೆ ಬಿಟ್ಟುಕೊಟ್ಟ ಹಾಗೆ.

[ತೆರೆಯ ಮೇಲೆ: ಬೋಗುಣಿ, ಫಾಯಿಲ್, ಅಡುಗೆ ಸೋಡಾ, ಉಪ್ಪು]

ಮಾಡುವುದು ಸುಲಭ. ಗಾಜು ಅಥವಾ ಪಿಂಗಾಣಿ ಬೋಗುಣಿಯೊಳಗೆ ಫಾಯಿಲ್ ಹಾಸಿ, ಹೊಳೆಯುವ ಮುಖ ಯಾವ ಕಡೆ ಇದ್ದರೂ ಸರಿ. ಗೆಜ್ಜೆ ಅದರ ಮೇಲಿಡಿ. ಬೆಳ್ಳಿ ಫಾಯಿಲ್‌ಗೆ ತಾಗಿರಲೇಬೇಕು, ಇಲ್ಲದಿದ್ದರೆ ಎಲೆಕ್ಟ್ರಾನು ದಾಟುವುದಕ್ಕೆ ದಾರಿ ಇಲ್ಲ. ಅರ್ಧ ಲೀಟರ್ ನೀರು ಕಾಯಿಸಿ ಹಾಕಿ. ಒಂದು ದೊಡ್ಡ ಚಮಚ ಅಡುಗೆ ಸೋಡಾ, ಒಂದು ಚಿಕ್ಕ ಚಮಚ ಉಪ್ಪು. ಅಲ್ಯೂಮಿನಿಯಂ ಮೇಲೆ ಯಾವಾಗಲೂ ಒಂದು ಗಟ್ಟಿ ಪೊರೆ ಇರುತ್ತದೆ, ಅದನ್ನು ಬಿಡಿಸುವುದು ಸೋಡಾ. ವಿದ್ಯುತ್ ಹರಿಯಲು ನೆರವಾಗುವುದು ಉಪ್ಪು. ಕೊಳೆತ ಮೊಟ್ಟೆಯ ವಾಸನೆ ಸ್ವಲ್ಪ ಬರಬಹುದು. ಗಂಧಕ ಹೊರಟಿತು ಅಂತ ಅರ್ಥ, ಕಿಟಕಿ ತೆಗೆದಿಡಿ. ಐದು ನಿಮಿಷದಲ್ಲಿ ವ್ಯತ್ಯಾಸ ಕಾಣುತ್ತದೆ. ತೊಳೆದು ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ. ತುಂಬಾ ಕಪ್ಪಾಗಿದ್ದರೆ ಪೂರ್ತಿ ಹೊಳಪು ಬರದೆ ಬಿಳುಚಿಕೊಂಡಂತೆ ಕಾಣಬಹುದು, ಸ್ವಲ್ಪ ಬೆಳ್ಳಿ ಪುಡಿಯಾಗಿ ನೀರಿಗೂ ಬೀಳಬಹುದು. ಬಟ್ಟೆಯಲ್ಲಿ ನಿಧಾನವಾಗಿ ತಿಕ್ಕಿದರೆ ಹೊಳಪು ಬರುತ್ತದೆ. ಗೆಜ್ಜೆಯ ಗುಂಡುಗಳ ಒಳಗೆ ನೀರು ನಿಲ್ಲದ ಹಾಗೆ ಚೆನ್ನಾಗಿ ಒಣಗಿಸಿ.

ಆದರೆ ದಯವಿಟ್ಟು ಆಕ್ಸಿಡೈಸ್ಡ್ ಬೆಳ್ಳಿಯನ್ನು ಇದರಲ್ಲಿ ಹಾಕಬೇಡಿ. ಆ ಜುಮುಕಿಗಳ ಸಂದಿಯಲ್ಲಿರುವ ಕಪ್ಪನ್ನು ಬೇಕಂತಲೇ ಗಂಧಕದ ದ್ರಾವಣದಲ್ಲಿ ಅದ್ದಿ ತಂದಿರುತ್ತಾರೆ. ಹೆಸರು ಆಕ್ಸಿಡೈಸ್ಡ್, ಕೆಲಸ ಗಂಧಕದ್ದು. ಫಾಯಿಲ್ ಅದನ್ನೂ ಬಿಡಿಸಿಬಿಡುತ್ತದೆ, ಕೆತ್ತನೆಯ ಚೆಂದವೇ ಹೋಗುತ್ತದೆ.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಮುತ್ತು, ಹವಳ ಎರಡೂ ಸುಣ್ಣದ ಜಾತಿ. ನಿಂಬೆ, ಹುಣಸೆ, ವಿನೆಗರ್ ತಾಗಿದರೆ ಕರಗುತ್ತವೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕುಂದನ್ ಒಡವೆಯ ಒಳಗೆ ಅರಗು ತುಂಬಿರುತ್ತದೆ, ಬಿಸಿನೀರು ಬೇಡ. ಪಚ್ಚೆಗೆ ಎಣ್ಣೆ ಕುಡಿಸಿರುತ್ತಾರೆ, ಅದಕ್ಕೂ ಬೇಡ. ಒಂದು ಗ್ರಾಂ ಗೋಲ್ಡ್ ಅಂದರೆ ಬರೀ ತೆಳು ಲೇಪ, ಉಜ್ಜಿದರೆ ಒಳಗಿನ ಲೋಹ ಕಾಣುತ್ತದೆ. ಬೆಳ್ಳಿ ಎತ್ತಿಡುವಾಗ ಜಿಪ್ ಕವರಿನ ಗಾಳಿ ಒತ್ತಿ ತೆಗೆದು, ತೇವ ಹೀರಲು ಒಂದು ಸೀಮೆಸುಣ್ಣದ ತುಂಡು ಹಾಕಿ.

ಚಿನ್ನ? 916 ಮುದ್ರೆ ಇದ್ದರೆ 91.6% ಚಿನ್ನ, ಅದು ಬೆಳ್ಳಿಯ ಹಾಗೆ ಕಪ್ಪಾಗುವುದಿಲ್ಲ. ಮಂಕಾಗುವುದು ಎಣ್ಣೆ, ಸೋಪು, ಪೌಡರ್, ಅರಿಶಿನ ಕೂತು. ತಾಳಿ, ಸರ, ಬಳೆಗೆ ಉಗುರುಬೆಚ್ಚಗಿನ ನೀರು, ಅಂಟುವಾಳದ ನೊರೆ, ಮಕ್ಕಳ ಮೆತ್ತನೆ ಬ್ರಷ್ ಸಾಕು. ಅಕ್ಕಸಾಲಿಗರು ಹಿಂದಿನಿಂದ ಅಂಟುವಾಳ ಬಳಸಿದ್ದು ಸುಮ್ನೆ ಅಲ್ಲ, ಅದು ಜಿಡ್ಡು ತೆಗೆಯುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಬಟ್ಟೆಗೆ ಹಾಕುವ ಬ್ಲೀಚ್ ಮಾತ್ರ ಹತ್ತಿರ ತರಬೇಡಿ. ಅದರ ಕ್ಲೋರಿನ್ ಚಿನ್ನಕ್ಕೆ ಬೆರೆಸಿದ ತಾಮ್ರವನ್ನು ತಿಂದು ಬೆಸುಗೆಗಳನ್ನು ದುರ್ಬಲ ಮಾಡುತ್ತದೆ.

ಕೊನೆಗೆ ಒಂದು ಎಚ್ಚರಿಕೆ, ಇದನ್ನು ಕತ್ತರಿಸುವುದಿಲ್ಲ. ಮಧ್ಯಾಹ್ನದ ಹೊತ್ತು ಮನೆ ಬಾಗಿಲಿಗೆ ಬಂದು "ಅಮ್ಮಾ, ಒಡವೆ ಪಾಲಿಷ್ ಮಾಡಿಕೊಡುತ್ತೇವೆ" ಅನ್ನುವವರ ಕೈಗೆ ಏನನ್ನೂ ಕೊಡಬೇಡಿ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ರಾಜದ್ರಾವಕಕ್ಕೆ ಚಿನ್ನವೂ ಕರಗುತ್ತದೆ. ನಿಮ್ಮ ಕಣ್ಣೆದುರೇ ಸರ ಅದ್ದಿ ತೆಗೆಯುತ್ತಾರೆ, ಸರ ಥಳಥಳ ಅನ್ನುತ್ತಿರುತ್ತದೆ, ತೂಕ ಮಾತ್ರ ಇಳಿದಿರುತ್ತದೆ. ಕರಗಿದ ಚಿನ್ನವನ್ನು ಆ ದ್ರಾವಣದಿಂದ ಆಮೇಲೆ ತೆಗೆದುಕೊಳ್ಳಬಹುದು. ಪಾಲಿಷ್ ಬೇಕಿದ್ದರೆ ಗೊತ್ತಿರುವ ಅಂಗಡಿಗೇ ಹೋಗಿ. ಕೊಡುವ ಮುಂಚೆ ಒಮ್ಮೆ, ತೆಗೆದುಕೊಂಡ ಮೇಲೆ ಒಮ್ಮೆ, ನಿಮ್ಮ ಎದುರೇ ತೂಕ ಹಾಕಿಸಿ. ಹಗಲು ಮನೆಯಲ್ಲಿ ಒಬ್ಬರೇ ಇರುವ ಅಮ್ಮನಿಗೆ, ಅಜ್ಜಿಗೆ ಈ ಭಾಗವನ್ನಾದರೂ ತೋರಿಸಿ.